ವಿಷದ ಮನೆಯ ದಲ್ಲಾಳಿ

ದಲ್ಲಾಳಿಗಳು ತೀರಿಕೊಂಡರೆಂಬ ಸುದ್ದಿ ಎರಡನೆಯ ಸಲ ಬಂದಾಗಲೂ ನಾನು ನಂಬಲಿಲ್ಲ. ಮೊದಲನೆಯ ಸಲ ಆ ಸುದ್ದಿ ಹಬ್ಬಿಸಿದವರು ಸ್ವತಃ ಅವರೇ. ಬೆಂಗಳೂರಿನ ಸಿನಿಮಾ ತಂಡವೊಂದು ಭಟ್ಕಳದ ಹತ್ತಿರದ ಬೆಳಕೆಯ ಒಂದು ಮನೆ ಬೇಕೇ ಬೇಕೆಂದು ಬೆನ್ನು ಹತ್ತಿತ್ತು. ಇವರು ತಮ್ಮ ಫೋನನ್ನು ಹೊನ್ನಾವರದ ಚಾ ಅಂಗಡಿಯವನ ಕೈಗೆ ಕೊಟ್ಟು, "ನನ್ನ ಕೇಳಿದ್ರೆ ತೀರ್ಕಂಡ್ರು ಹೇಳು" ಎಂದರು. ಅವನು ಹಾಗೆಯೇ ಹೇಳಿದ. ಅವರು ಪಕ್ಕದ ಬೆಂಚಿನಲ್ಲಿ ಕೂತು ಬನ್ಸ್ ತಿನ್ನುತ್ತ, ತಾವು ಸತ್ತದ್ದಕ್ಕೆ ಆ ಕಡೆಯವರು ಏನೆಂದರೆಂದು ವಿಚಾರಿಸಿಕೊಂಡರು. "ಹಾಗಾದರೆ ಬೇರೆ ಯಾರಿದ್ದಾರೆ?" ಎಂದು ಕೇಳಿ ಫೋನು ಇಟ್ಟರಂತೆ. ಅದೊಂದು ಬೇಸರ ಅವರಿಗೆ ಕೊನೆಯವರೆಗೂ ಇತ್ತು.

ಹಾಗಾಗಿ ಈ ಸಲ ಅವರ ಅಕ್ಕನ ಮಗಳು ನಾಗವೇಣಿ ಫೋನು ಮಾಡಿ "ಮಾವ ಹೋದ" ಎಂದಾಗ ನಾನು "ಎಲ್ಲಿಗೆ?" ಎಂದೆ. "ಇದು ಖರೇನೇ ತಂಗಿ" ಎಂದಳು.

ಹೊನ್ನಾವರದಲ್ಲಿ ಅವರು ಮೊದಲು ಜಾಗದ ದಲ್ಲಾಳಿ. ತೋಟ, ಸೈಟು, ಹಳೇ ಮನೆ, ಏನು ಬೇಕೆಂದರೂ ತೋರಿಸುತ್ತಿದ್ದರು. ಆಮೇಲೆ ನಮ್ಮ ಕರಾವಳಿಗೆ ಸಿನಿಮಾದವರು ಬರುವುದು ಜಾಸ್ತಿಯಾಯಿತು. ಅವರಿಗೂ ಮನೆ ಬೇಕು, ದಂಡೆ ಬೇಕು, ಹಳೇ ಅಂಗಡಿ ಬೇಕು. ಆದರೆ ಕೊಳ್ಳುವುದು ಬೇಡ, ಒಂದು ವಾರದ ಮಟ್ಟಿಗೆ ಸಾಕು. ಇದು ಇನ್ನೂ ಒಳ್ಳೆಯ ವ್ಯಾಪಾರ ಎಂದು ದಲ್ಲಾಳಿಗಳಿಗೆ ತಟ್ಟನೆ ಹೊಳೆಯಿತು. ಭಟ್ಕಳದಿಂದ ಕುಮಟೆಯವರೆಗೆ ಯಾವ ಕ್ಯಾಮೆರಾ ಇಳಿದರೂ ಅದರ ಹಿಂದೆ ಅವರು ಇದ್ದೇ ಇರುತ್ತಿದ್ದರು. ಬಿಳಿ ಅಂಗಿ, ಕಿಸೆಯಲ್ಲಿ ಕಪ್ಪು ಕನ್ನಡಕ, ಕಂಕುಳಲ್ಲಿ ಕೊಡೆ. ಕನ್ನಡಕ ಹಾಕಿದ್ದನ್ನು ನಾನಂತೂ ಕಂಡಿಲ್ಲ. ಕೊಡೆಯನ್ನು ಮಾತ್ರ ಏಪ್ರಿಲ್ಲಿನಲ್ಲೂ ಬಿಚ್ಚುತ್ತಿದ್ದರು.

ಆ ಕೊಡೆಯ ಕತೆ ಬೇರೆ. ಶೂಟಿಂಗ್ ನಡೆಯುವ ಮನೆಯ ಗೇಟಿನಲ್ಲಿ ಹೆಸರಿನ ಹಲಗೆ ಇದ್ದರೆ, ಅಂಗಡಿಯ ಬೋರ್ಡಿನಲ್ಲಿ ಊರಿನ ಹೆಸರಿದ್ದರೆ, ಇವರು ಅದರ ಮುಂದೆ ಕೊಡೆ ಬಿಚ್ಚಿ ನಿಂತುಬಿಡುತ್ತಿದ್ದರು. ನಿರ್ದೇಶಕ ಬೈದರೆ ಕೇಳಿಸದವರ ಹಾಗೆ ಆಕಾಶ ನೋಡುವುದು. "ಸಾರ್, ಬಿಸ್ಲು" ಎನ್ನುವುದು. ಕೊನೆಗೆ ಕ್ಯಾಮೆರಾವನ್ನೇ ಸರಿಸಿಕೊಳ್ಳುತ್ತಿದ್ದರೇ ಹೊರತು ಇವರು ಸರಿದದ್ದಿಲ್ಲ.

ಮೀನಿನವರ ಹತ್ತಿರ ಕೊಂಕಣಿ, ಭಟ್ಕಳದ ಮುಸ್ಲಿಮರ ಅಂಗಡಿಗಳಲ್ಲಿ ಅವರ ನವಾಯತಿ, ಮುಂಬಯಿಯವರ ಹತ್ತಿರ ಹಿಂದಿ, ಬೆಂಗಳೂರಿನವರ ಹತ್ತಿರ ಪುಸ್ತಕದ ಕನ್ನಡ. ಇಷ್ಟೂ ಭಾಷೆಗಳಲ್ಲಿ ಸಲೀಸಾಗಿ ಸುಳ್ಳು ಹೇಳುವ ಶಕ್ತಿ ಅವರಿಗಿತ್ತು. ನೇರವಾಗಿ ಏನಾದರೂ ಕೇಳಿದರೆ "ನೋಡುವಾ" ಎನ್ನುತ್ತಿದ್ದರು. ಅದರ ಅರ್ಥ ಹೌದೂ ಅಲ್ಲ, ಅಲ್ಲವೂ ಅಲ್ಲ.

ಅವರದೊಂದು ವಿಚಿತ್ರ ಪದ್ಧತಿ ಇತ್ತು. ಭಟ್ಕಳದ ಕತೆ ಹಿಡಿದುಕೊಂಡು ಬಂದವರನ್ನು ಕುಮಟೆಗೆ ಕರೆದೊಯ್ಯುತ್ತಿದ್ದರು. ಕುಮಟೆಯ ಕತೆಯಾದರೆ ಹೊನ್ನಾವರ. ಹೊನ್ನಾವರದ್ದಾದರೆ ಭಟ್ಕಳ. "ಇಲ್ಲಿ ಪರ್ಮಿಶನ್ ಸಿಗ್ತಿಲ್ಲ ಸಾರ್, ಅಲ್ಲಿ ಇದಕ್ಕಿಂತ ಚಲೋ ಇದೆ" ಎಂದು ನಂಬಿಸಿ ವ್ಯಾನು ಹತ್ತಿಸುವುದು. ಹೊರಗಿನವರಿಗೆ ಎಲ್ಲ ಹೆಂಚಿನ ಮನೆಯೂ ಒಂದೇ. ಹಾಗಾಗಿ ತೆರೆಯ ಮೇಲೆ ಭಟ್ಕಳ ಎಂದು ಬರೆದಲ್ಲಿ ಇದ್ದದ್ದು ಭಟ್ಕಳವಲ್ಲ.

ಒಮ್ಮೆ ಭಟ್ಕಳದಲ್ಲಿ ಬಾಂಬು ಅಡಗಿಸಿಡುವ ಕತೆಯೊಂದು ಬಂತು. ಇವರು ಆ ತಂಡವನ್ನು ಕುಮಟೆಗೆ ಕರೆದುಕೊಂಡು ಹೋಗಿ ತೆಂಗಿನಕಾಯಿ ವಖಾರಿಯೊಂದನ್ನು ತೋರಿಸಿದರು. ಸಿನಿಮಾ ಕುಮಟೆಯ ಟಾಕೀಸಿಗೆ ಬಂದಾಗ ಖಳನಾಯಕ ಕತ್ತಲಲ್ಲಿ ಹಲ್ಲು ಕಚ್ಚಿ ಪಿಸುಗುಟ್ಟುವ ಹೊತ್ತಿಗೆ ಸರಿಯಾಗಿ ಹಿಂದಿನ ಸಾಲಿನಿಂದ ಯಾರೋ "ಹೋಯ್, ಅದು ನಮ್ಮ ಕಾಯಿ ವಖಾರಿ" ಎಂದರು. ಆಮೇಲೆ ಇಡೀ ಟಾಕೀಸು ನಕ್ಕದ್ದೇ ನಕ್ಕದ್ದು. ನಾನು ಕಾಲೇಜು ಓದುವಾಗ ಗೆಳತಿಯರ ಜೊತೆ ಹೋಗಿ ನೋಡಿ ಬಂದಿದ್ದೆ. ಬೆದರಿಸಲೆಂದು ಮಾಡಿದ ಸಿನಿಮಾಕ್ಕೆ ಜನ ಅಷ್ಟು ನಗುವುದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಇದೆಲ್ಲ ಯಾಕೆ ಮಾಡುತ್ತಾರೆ ಎನ್ನುವುದಕ್ಕೆ ಊರಿನಲ್ಲಿ ಹಲವು ಉತ್ತರಗಳಿದ್ದವು. ಕುಮಟೆಯ ಲಾಡ್ಜಿನವರ ಹತ್ತಿರ ಕಮಿಷನ್ ಇದೆ ಎನ್ನುವುದು ಒಂದು. ಪೊಲೀಸರ ಕಡೆಯ ಮನುಷ್ಯ ಎನ್ನುವುದು ಇನ್ನೊಂದು. ಪೊಲೀಸರೇ ಹುಡುಕುತ್ತಿರುವ ಮನುಷ್ಯ ಎನ್ನುವುದೂ ಇತ್ತು. ನನಗೆ ಮೂರೂ ನಿಜವಿರಬಹುದು ಎನಿಸುತ್ತಿತ್ತು.

ನನ್ನ ಬುದ್ಧಿಯೇ ಹಾಗೆ. ಅದಕ್ಕೆ ಕಾರಣ ಊರು. ನಾನು ಭಟ್ಕಳದ ಪಕ್ಕದ ಹೆಬಳೆಯವಳು, ಅಪ್ಪನದು ಕಿರಾಣಿ ಅಂಗಡಿ. ಎಲ್ಲೋ ಬಾಂಬು ಸಿಡಿದು ಟಿವಿ ಚಾನೆಲ್ಲುಗಳ ವ್ಯಾನು ಭಟ್ಕಳಕ್ಕೆ ಬಂದ ದಿನ ಅಪ್ಪ ಅರ್ಧ ಶಟರ್ ಎಳೆಯುತ್ತಿದ್ದ. ಒಮ್ಮೆ ನಮ್ಮ ಅಂಗಡಿಯ ಎದುರು ನಿಂತ ನವಾಯತ ಹಿರಿಯರೊಬ್ಬರ ಸುತ್ತ ಟಿವಿಯವರು ಕೆಂಪು ವೃತ್ತ ಎಳೆದು ಮತ್ತೆ ಮತ್ತೆ ತೋರಿಸಿದರು. ಹಿನ್ನೆಲೆಯಲ್ಲಿ ಢಂ ಢಂ ಸಂಗೀತ. ಪಾಪ, ಅವರು ಆಗ ಅಪ್ಪನ ಹತ್ತಿರ ಕೇಳುತ್ತಿದ್ದುದು ಬೆಲ್ಲ ಹಳೆಯದೋ ಹೊಸದೋ ಎಂದು. ಮಾರನೆಯ ದಿನ ಅಂಗಡಿಗೆ ಬಂದವರು, "ಫೋಟೋ ಚಲೋ ಬಂದಿತ್ತು, ಯಾಕೆ ಬಂತು ಅಂತ ಮಾತ್ರ ತಿಳೀಲಿಲ್ಲ" ಎಂದರು. ಅಪ್ಪ ತಲೆ ತಗ್ಗಿಸಿ ಬೆಲ್ಲ ಕಟ್ಟಿಕೊಟ್ಟ. ಆಮೇಲೆ ಅವರು ಬರುವುದು ಕಡಿಮೆಯಾಯಿತು.

ಬೆಂಗಳೂರಿನಲ್ಲಿ ಸಿನಿಮಾ ಕಲಿಯಲು ಹೋದಾಗ ಬಾಡಿಗೆ ಮನೆಯವರು "ಯಾವ ಊರು?" ಎಂದು ಕೇಳಿ, ನಾನು ಭಟ್ಕಳ ಎಂದೊಡನೆ ಇನ್ನೊಮ್ಮೆ ಮುಖ ನೋಡುತ್ತಿದ್ದರು. ನೋಡುವವರನ್ನು ತಿರುಗಿ ನೋಡುವುದು ನನಗೆ ಅಭ್ಯಾಸವಾಗಿ ಹೋಯಿತು. ನನ್ನ ಕ್ಯಾಮೆರಾ ಈಗಲೂ ಬೀದಿಯ ನಡುವೆ ನಿಲ್ಲುವುದಿಲ್ಲ. ಬಾಗಿಲ ಹಿಂದೆ, ಅರ್ಧ ಎಳೆದ ಶಟರಿನ ಕೆಳಗೆ, ಪರದೆಯ ಸಂದಿಯಲ್ಲಿ ನಿಲ್ಲುತ್ತದೆ. ವಿಮರ್ಶಕರು ಅದನ್ನು ನನ್ನ ಶೈಲಿ ಎನ್ನುತ್ತಾರೆ. ಅದು ಅಪ್ಪನ ಅಂಗಡಿಯಿಂದ ಬಂದ ಹೆದರಿಕೆ, ಅಷ್ಟೆ.

ಇಷ್ಟೆಲ್ಲ ಆದಮೇಲೆ ನಾನೇ ಒಂದು ಚಿತ್ರ ಮಾಡುವುದೆಂದು ಹೊರಟೆ. ಸಿನಿಮಾಗಳಲ್ಲಿ ಬಂದು ಹೋದ ನಮ್ಮ ಕಡೆಯ ಮನೆಗಳನ್ನು ಹುಡುಕುವುದು, ಅಲ್ಲಿ ಈಗ ಇರುವವರನ್ನು ಮಾತಾಡಿಸುವುದು. ಕಾಗಾಲದಲ್ಲಿ ಒಂದು ಮನೆ ಸಿಕ್ಕಿತು, ಹೊನ್ನಾವರದಲ್ಲಿ ಎರಡು. ಆದರೆ ನನಗೆ ಮುಖ್ಯವಾಗಿ ಬೇಕಾಗಿದ್ದದ್ದು ಬೆಳಕೆಯ 'ವಿಷದ ಮನೆ'. ನಾನು ಸಣ್ಣವಳಿದ್ದಾಗ ಕಂಡಕ್ಟರುಗಳು ಅಲ್ಲಿಯ ಸ್ಟಾಪನ್ನು ಹಾಗೇ ಕೂಗುತ್ತಿದ್ದರು. ಯಾವುದೋ ಹಳೇ ಸಿನಿಮಾದಲ್ಲಿ ಹೆಂಡತಿಯೊಬ್ಬಳು ಗಂಡನಿಗೆ ಹಾಲಿನಲ್ಲಿ ವಿಷ ಹಾಕಿ ಕೊಡುವ ಮನೆ ಅದು. ಸಿನಿಮಾದ ಹೆಸರು ಊರಿಗೆ ಮರೆತುಹೋಗಿದೆ. ವಿಷ ಮಾತ್ರ ನೆನಪಿದೆ.

ಕೇಳಿಕೊಂಡು ಹೊನ್ನಾವರದಲ್ಲಿ ದಲ್ಲಾಳಿಗಳ ಹತ್ತಿರವೇ ಹೋದೆ. ನನ್ನನ್ನು ನೋಡದೆ ರಸ್ತೆಯನ್ನು ನೋಡುತ್ತ ಮಾತಾಡಿದರು.

"ಯಾರ ಮಗಳು?"

ಹೇಳಿದೆ.

"ಹಾಂಗಾರೆ ಊರಿನವಳೇ. ಪಿಚ್ಚರ್ ಎಂತಕ್ಕೆ ಮಾಡ್ತೆ? ಇದ್ದ ಊರು ಸಾಕಾಗ್ಲಿಲ್ವ?"

ನಾನು ವಿಷದ ಮನೆಯ ವಿಷಯ ಎತ್ತಿದೆ.

"ಅದು ಬಿದ್ದು ಹೋಗಿ ಯಾವ ಕಾಲ ಆತು" ಎಂದರು. ಕೊಡೆಯನ್ನು ಈ ಕಂಕುಳಿನಿಂದ ಆ ಕಂಕುಳಿಗೆ ಬದಲಾಯಿಸಿದರು. "ಈಗ ಅಲ್ಲಿ ಬರೀ ಮುಳ್ಳು, ಹಾವು. ನೀ ಕುಮಟೆಗೆ ಹೋಗು, ನಾ ಬೇರೆ ಮನೆ ತೋರ್ಸ್ತೆ."

ಬಿದ್ದ ಮನೆಗೆ ಇಷ್ಟು ಗಾಬರಿಯಾಗುವವರನ್ನು ನಾನು ನಂಬುವುದುಂಟೇ? ಬಂದ ಭಾನುವಾರವೇ ಬೆಳಕೆಗೆ ಬಸ್ಸು ಹತ್ತಿದೆ. "ವಿಷದ ಮನೆ ಒಂದು" ಎಂದೆ. ಕಂಡಕ್ಟರ್ ಮರುಮಾತಿಲ್ಲದೆ ಟಿಕೆಟು ಹರಿದ.

ಮನೆ ಬಿದ್ದಿರಲಿಲ್ಲ. ಬಿಳಿ ಸುಣ್ಣ, ಕೆಂಪು ಹೆಂಚು, ಗೇಟಿಗೆ 'ನಾಗವೇಣಿ ಟೇಲರ್, ಬೆಳಕೆ' ಎಂಬ ಹಲಗೆ. ಜಗುಲಿಯಲ್ಲಿ ಹೊಲಿಗೆ ಮಿಶನ್ನು, ಸುತ್ತ ರವಿಕೆ ಕೊಡಲು ಬಂದ ಹೆಂಗಸರು. ಒಂದು ಮೂಲೆಯಲ್ಲಿ ಮಣೆ ಹಾಕಿಕೊಂಡು, ಅಂಗಿಯ ತೋಳು ಮಡಚಿ, ನಮ್ಮ ದಲ್ಲಾಳಿಗಳು ಬಂಗಡೆಯ ಕಿವಿರು ತೆಗೆಯುತ್ತಿದ್ದರು. ನನ್ನನ್ನು ಕಂಡದ್ದೇ ಕೈಯಲ್ಲಿ ಮೀನು ಹಾಗೇ ನಿಂತಿತು.

"ಹಾವು ಎಲ್ಲಿ?" ಎಂದೆ.

"ಈಗ ಬಂತು ನೋಡು" ಎಂದರು, ನನ್ನನ್ನೇ ನೋಡುತ್ತ.

ನಾಗವೇಣಿ ಅವರ ಅಕ್ಕನ ಮಗಳು. ಐವತ್ತರ ಆಸುಪಾಸು, ಮದುವೆಯಾದವಳಲ್ಲ. ತಾಯಿ ಹೋದಮೇಲೆ ಮನೆಯೂ ಮಿಶನ್ನೂ ಅವಳದೇ. ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ನನ್ನ ಮಾತು ಕೇಳಿದಳು, ತೆಗೆದು ಕೈಗೆ ಹಾಕಿಕೊಂಡು ಹೇಳಿದಳು: "ಪಿಚ್ಚರ್ ತೆಗೂಕೆ ಬಂದದ್ದಾ? ತೆಗಿ. ಮನೆ ಹೆಸ್ರು, ಊರ ಹೆಸ್ರು, ನನ್ನ ಮೋರೆ, ಎಲ್ಲ ಬರೂಕು."

"ಆಗೂದಲ್ಲ" ಎಂದರು ಅವರು.

"ಮನೆ ನಂದು ಮಾವ."

ಅವರು ಕೈ ತೊಳೆದು ಕೊಡೆ ಎತ್ತಿಕೊಂಡು, ನನ್ನನ್ನು ಬಸ್ ಸ್ಟಾಪಿನವರೆಗೆ ಕಳಿಸುವ ನೆಪದಲ್ಲಿ ಹೊರಗೆ ಕರೆತಂದರು. ಅಲ್ಲಿ ತಮ್ಮ ಕತೆ ಹೇಳಿದರು. ಆ ಹಳೇ ಸಿನಿಮಾದವರನ್ನು ಈ ಮನೆಗೆ ಕರೆತಂದವರು ತಾವೇ. ಆಗ ಎಳೆ ಪ್ರಾಯ. ಅಕ್ಕ ಒಪ್ಪಲಿಕ್ಕಿಲ್ಲ ಎಂದು ದೇವರ ಪಿಚ್ಚರ್ ಎಂದು ಸುಳ್ಳು ಹೇಳಿದ್ದರು. ಅದರಲ್ಲಿ ಅವರೂ ಒಂದು ಗಳಿಗೆ ಕಾಣುತ್ತಾರೆ. ಹೆಣ ಹೊರುವವರಲ್ಲಿ ಹಿಂದಿನ ಎಡಗಡೆಯವರು. ಮನೆಮಂದಿಯೆಲ್ಲ ಒಳ್ಳೇ ಸೀರೆ ಉಟ್ಟು, ಭಟ್ಕಳ ಮಲ್ಲಿಗೆ ಮುಡಿದು ಟಾಕೀಸಿಗೆ ಹೋದರು. ಬರುವಾಗ ಯಾರೂ ಮಾತಾಡಲಿಲ್ಲ.

"ಮರು ವರ್ಷ ಇವ್ಳಿಗೆ ಸಂಬಂಧ ಬರೂಕೆ ಶುರು ಆತು. ಬಂದವ್ರು ಕೂತ್ರು. ಇವ್ಳು ಕಷಾಯ ತಂದು ಕೊಟ್ಲು. ತುಟಿಗೆ ತಾಗ್ಸಿ ಕೆಳಗಿಟ್ರು. ಮೋರೆ ಹಿಂಗಾತು." ಅವರು ಮುಖ ಹಿಂಡಿ ತೋರಿಸಿದರು. "ಹೆದ್ರಿದ್ರು. ಆ ಮನೆ, ಆ ಜಗ್ಲಿ, ಕೈಲಿ ಲೋಟ. ಯಾರು ಕುಡೀತ್ರು? ಎಷ್ಟು ಸಂಬಂಧ ಬಂತೋ ಅಷ್ಟೂ ಹಾಂಗೇ ಎದ್ದು ಹೋತು. ಎಲ್ಲಾ ನಾ ಮಾಡ್ದದ್ದು."

ಅಂದಿನಿಂದ ಪ್ರತಿ ಭಾನುವಾರ ಮೊದಲ ಬಸ್ಸಿಗೆ ಹೊನ್ನಾವರದಿಂದ ಮೀನು ಹಿಡಿದು ಬರುತ್ತಾರೆ. ಅಂದಿನಿಂದಲೇ ಯಾವ ಊರನ್ನೂ ಅದರ ಹೆಸರಿನಲ್ಲಿ, ಯಾವ ಮನೆಯನ್ನೂ ಅದರ ಹಲಗೆಯ ಜೊತೆ ತೋರಿಸಲು ಬಿಟ್ಟಿಲ್ಲ. ಭಟ್ಕಳದ ಕತೆಗೆ ಕುಮಟೆ ತೋರಿಸಿದರೆ ಯಾರ ಮನೆಗೂ ಹೆಸರು ಅಂಟುವುದಿಲ್ಲ; ಗೊತ್ತಿದ್ದವರು ನಗುತ್ತಾರೆ, ನಗು ಬಂದಲ್ಲಿ ಹೆದರಿಕೆ ನಿಲ್ಲುವುದಿಲ್ಲ. ಇದು ಅವರ ಲೆಕ್ಕಾಚಾರ.

ನನ್ನ ಸಂಶಯ ಹೋಗಲಿಲ್ಲ. ದಲ್ಲಾಳಿಗಳ ಹತ್ತಿರ ಪ್ರತಿ ಸೈಟಿಗೂ ಒಂದು ಕತೆ ಇರುತ್ತದೆ.

"ಹಾಗಾದರೆ ಕುಮಟೆಯ ಲಾಡ್ಜಿನ ಕಮಿಷನ್ನು?" ಎಂದೆ.

"ಅದು ಬೇರೆ ವಿಷ್ಯ" ಎಂದು ಬಸ್ಸಿಗೆ ಕೈ ಅಡ್ಡ ಹಿಡಿದರು.

ಮಾವ ಸೊಸೆಯರ ನಡುವೆ ಏನು ಮಾತುಕತೆಯಾಯಿತೋ ಗೊತ್ತಿಲ್ಲ, ಒಂದು ತಿಂಗಳ ಮೇಲೆ ಅವರೇ ಫೋನು ಮಾಡಿ ಬಾ ಎಂದರು. ತಾವು ಎದುರಿಗೇ ಇರಬೇಕು, ಪ್ರತಿಯೊಂದು ಫ್ರೇಮೂ ತಾವು ನೋಡಬೇಕು, ಅವಳು ಆಡುವ ಪ್ರತಿ ಮಾತೂ ತಮಗೆ ಕೇಳಬೇಕು ಎನ್ನುವುದು ಅವರ ಷರತ್ತು. ನನಗೋ ಅವರು ಕ್ಯಾಮೆರಾದ ಎದುರಿಗೆ ಬರದೆ ಎಲ್ಲಾದರೂ ಕೂತರೆ ಸಾಕಾಗಿತ್ತು. ಅಂಗಳದ ಆಚೆ ಮಾನಿಟರ್ ಇಟ್ಟು, ಕುರ್ಚಿ ಹಾಕಿ, ಕಿವಿಗೆ ಹೆಡ್‌ಫೋನು ಸಿಕ್ಕಿಸಿ ಕೂರಿಸಿದೆವು. ಹೋಗುವ ಮುಂಚೆ ಗೇಟಿನ ಹಲಗೆಗೆ ಕೊಡೆ ಬಿಚ್ಚಿ ಸಿಕ್ಕಿಸಿಯೇ ಹೋದರು. ನಾಗವೇಣಿ ಅದನ್ನು ನೋಡಿದಳು.

ಅವಳು ಮಿಶನ್ನಿನ ಮುಂದೆ ಕೂತಳು. ಆ ಸಿನಿಮಾದಿಂದ ನಿಮಗೆ ಏನಾಯಿತು ಎಂದು ಕೇಳಿದೆ. ಉತ್ತರ ಏನು ಬರುತ್ತದೆಂದು ನನಗೆ ಗೊತ್ತಿದೆ ಎಂದುಕೊಂಡಿದ್ದೆ.

"ಉಪಕಾರನೇ ಆತು" ಎಂದಳು. "ನಂಗೆ ಲಗ್ನ ಬೇಡಾಗಿತ್ತು. ಈ ಮಿಶನ್ ಬಿಟ್ಟು, ಹೆತ್ತ ಅಬ್ಬಿ ಒಬ್ಳನ್ನೇ ಬಿಟ್ಟು ಹೋಗೂಕೆ ಮನಸ್ಸಿರ್ಲಿಲ್ಲ. ಹೇಳಿದ್ರೆ ಯಾರು ಕೇಳ್ತಿದ್ರು? ಆ ಪಿಚ್ಚರಲ್ಲಿ ಅವ್ಳು ಹಾಲಿಗೆ ಹಾಕೂದು ನೋಡಿಯೇ ನಂಗೆ ಅಂದಾಜು ಸಿಕ್ಕದ್ದು. ಹುಡ್ಗನ ಕಡಿಯವ್ರು ಬಂದಾಗೆಲ್ಲ ಕಷಾಯಕ್ಕೆ ಸಕ್ರೆ ಬದ್ಲು ಉಪ್ಪು ಹಾಕ್ತಿದ್ದೆ, ಎರಡು ಮುಷ್ಟಿ. ಒಂದು ಗುಟುಕಿಗೇ ಲೋಟ ಕೆಳಗೆ. ಹೆಣ್ಣು ನೋಡೂಕೆ ಬಂದ ಮನೇಲಿ ಉಪ್ಪಾಗಿದೆ ಹೇಳೂಕಾತದಾ? ಮರ್ಯಾದಿಗೆ ಸುಮ್ನೆ ಎದ್ದು ಹೋಗ್ತಿದ್ರು. ಮಾವಂಗೆ ಮಾತ್ರ ಇದೆಲ್ಲ ಪಿಚ್ಚರಿಂದ ಆದದ್ದು ಹೇಳಿ ತಲೇಲಿ ಕೂತುಬಿಡ್ತು."

ಹೇಳಿ ಮುಗಿಸಿ ದಾರ ಕಚ್ಚಿ ತುಂಡು ಮಾಡಿದಳು. ನಮ್ಮ ಕ್ಯಾಮೆರಾದವನು ನಗು ತಡೆಯಲು ತುಟಿ ಕಚ್ಚಿಕೊಂಡಿದ್ದ. ನಾನು ಅಂಗಳದ ಕಡೆ ತಿರುಗಿದೆ. ಅವರು ಹೆಡ್‌ಫೋನು ತೆಗೆದು ತೊಡೆಯ ಮೇಲೆ ಇಟ್ಟುಕೊಂಡಿದ್ದರು.

"ಡೈಲಾಗ್ ನೀ ಬರ್ದದ್ದಾ?" ಎಂದು ಕೇಳಿದರು.

"ಅಲ್ಲ" ಎಂದೆ.

"ಚಲೋ ಬರ್ದೆ."

ಅಲ್ಲವೆಂದು ಆಣೆ ಹಾಕಿದರೂ ಕೇಳಲಿಲ್ಲ. ತಮ್ಮ ಸಮಾಧಾನಕ್ಕೆಂದು ನಾವಿಬ್ಬರೂ ಸೇರಿ ಹೂಡಿದ ನಾಟಕ ಇದು, ಇಂಥದ್ದನ್ನೆಲ್ಲ ತಾವು ಬೇಕಾದಷ್ಟು ಕಂಡಿದ್ದೇವೆ ಎಂದರು. "ಅವ್ಳು ಆ್ಯಕ್ಟಿಂಗ್ ಚಲೋ ಮಾಡ್ತಾಳೆ" ಎಂದು ಕೊಡೆ ಬಿಡಿಸಿಕೊಂಡು ಹೊರಟರು. ಊಟಕ್ಕೂ ನಿಲ್ಲಲಿಲ್ಲ.

ನಿಜ ಹೇಳಬೇಕೆಂದರೆ ನನಗೂ ಆಗ ಅದೇ ಅನುಮಾನ. ನಾಗವೇಣಿ ಸಾಮಾನ್ಯದವಳಲ್ಲ. ಮಾವನ ಭಾರ ಇಳಿಸಲು ಒಂದು ಕತೆ ಹೊಲಿದಿದ್ದರೂ ಹೊಲಿದಾಳು. ಅವಳನ್ನೇ ಕೇಳಿದೆ: ಇದು ನಿಜವೇ ಆದರೆ ಇಷ್ಟು ವರ್ಷ ಯಾಕೆ ಬಾಯಿ ಬಿಡಲಿಲ್ಲ?

ಅವಳು ಬಟ್ಟೆ ಮಡಚುತ್ತ ಇದ್ದಳು. "ಹೇಳಿದ್ರೆ ಆಯ್ತವಾರ ಬರೂದು ಬಿಡ್ತಿದ್ದ" ಎಂದಳು. "ತಪ್ಪು ಮಾಡ್ದೆ ಹೇಳಿ ಬರ್ತಿದ್ದ ಅವ. ತಪ್ಪೇ ಇಲ್ಲ ಹೇಳಾದ್ರೆ ಎಂತಕ್ಕೆ ಬತ್ತ? ಅಬ್ಬಿ ಹೋದ್ಮೇಲೆ ನಂಗೆ ಬೇರೆ ಯಾರಿದ್ರು?"

"ಮತ್ತೆ ಈಗ ಯಾಕೆ ಹೇಳಿದಿರಿ?"

"ಅವಂಗೆ ಪ್ರಾಯ ಆತು. ಅದನ್ನ ಹೊತ್ಕಂಡೇ ಹೋದ್ರೆ ನಂಗೆ ನಿದ್ರೆ ಬತ್ತಿಲ್ಲೆ." ಅವಳ ಕಣ್ಣು ತುಂಬಿತ್ತು. "ಇನ್ನು ಬಂದ್ರೆ ಬಂದ, ಇಲ್ಲ ಅಂದ್ರೆ ಇಲ್ಲ."

ಅವರು ನಂಬಿರಲಿಲ್ಲವಾದ್ದರಿಂದ ಬರುವುದೇನೂ ತಪ್ಪಲಿಲ್ಲ. ಭಾನುವಾರ ಬಂತೆಂದರೆ ಮೊದಲ ಬಸ್ಸು, ಬಂಗಡೆ, ಮಣೆ. ಉಪ್ಪಿನ ಮಾತು ಎತ್ತಿದರೆ "ಶೂಟಿಂಗ್ ಮುಗೀತಲ್ಲ, ಇನ್ನು ಬಿಡು" ಎನ್ನುತ್ತಿದ್ದರಂತೆ.

ಚಿತ್ರ ತಯಾರಾಯಿತು. ಒಂದೆರಡು ಉತ್ಸವಗಳಿಗೂ ಹೋಗಿಬಂತು. ಗೇಟಿನ ದೃಶ್ಯದಲ್ಲಿ ಚೌಕಟ್ಟಿನ ಮೂಲೆಗೆ ಕಪ್ಪು ಕೊಡೆಯ ಒಂದು ತುಂಡು ಬಂದಿದೆ. ಅದು ಯಾವುದರ ಸಂಕೇತ ಎಂದು ಒಬ್ಬರು ಬಹಳ ಗಂಭೀರವಾಗಿ ಕೇಳಿದರು. ಬಿಸಿಲಿನದು ಎಂದೆ.

ಬೆಳಕೆಯಲ್ಲಿ ತೋರಿಸಲೇಬೇಕೆಂದು ನಾಗವೇಣಿ ಹಟ ಹಿಡಿದಳು. ಅಲ್ಲಿಯ ಶಾಲೆಯ ಸಭಾಭವನದ ಕಿಟಕಿಗಳಿಗೆ ಕಪ್ಪು ಬಟ್ಟೆ ಹೊಡೆದು, ಮಧ್ಯಾಹ್ನದ ಊಟ ಮುಗಿಸಿ ಬಂದ ಜನರ ಎದುರು ಬಿಳಿ ಪರದೆ ಕಟ್ಟಿದೆವು. ಮುಕ್ಕಾಲು ಪಾಲು ಹೆಂಗಸರು. ಅವಳು ಹೊಲಿದ ರವಿಕೆಗಳೇ ಎಲ್ಲ ಕಡೆ. ದಲ್ಲಾಳಿಗಳು ನನ್ನ ಪಕ್ಕದಲ್ಲಿ ಕೂತಿದ್ದರು, ಕೊಡೆ ಕಾಲ ಸಂದಿಯಲ್ಲಿ. ಪರದೆಯ ಮೇಲೆ 'ಬೆಳಕೆ' ಎಂದು ಬಂದದ್ದೇ ಅವರ ಕೈ ಕೊಡೆಯ ಹಿಡಿಗೆ ಹೋಯಿತು. ನಾನು ಗಮನಿಸುತ್ತಲೇ ಇದ್ದೆ.

ನಾಗವೇಣಿಯ ಮಾತು ಬಂತು. ಉಪ್ಪಿನ ಮಾತೂ ಬಂತು. ಒಡನೆ ಮುಂದಿನ ಸಾಲಿನಿಂದ ಪಕ್ಕದ ಮನೆಯ ಮಾದೇವಿಯಕ್ಕನ ಸ್ವರ ಕೇಳಿತು. ಎಂಬತ್ತು ದಾಟಿದ ಮುದುಕಿ.

"ಆ ಉಪ್ಪು ನಮ್ಮನೆದು. ಒಯ್ದವ್ಳು ಇನ್ನೂ ವಾಪಸ್ ಕೊಡ್ಲಿಲ್ಲ."

ಸಭಾಭವನ ಹಾರಿಹೋಗುವ ಹಾಗೆ ನಕ್ಕರು. ಒಬ್ಬಳು ಇನ್ನೊಬ್ಬಳ ಬೆನ್ನಿಗೆ ಹೊಡೆದು, ಮತ್ತೊಬ್ಬಳು ಸೆರಗು ಬಾಯಿಗೆ ತುರುಕಿಕೊಂಡು. ಅದು ಹೊಸ ಸುದ್ದಿ ಕೇಳಿದವರ ನಗು ಆಗಿರಲಿಲ್ಲ. ಹಳೇ ಗುಟ್ಟೊಂದನ್ನು ಕೊನೆಗೂ ಹೊರಗೆ ಬಿಟ್ಟವರ ನಗು. ನನಗೇ ಗೊತ್ತಾಯಿತೆಂದ ಮೇಲೆ ಪಕ್ಕದಲ್ಲಿದ್ದ ದಲ್ಲಾಳಿಗಳಿಗೆ ಗೊತ್ತಾಗದಿರುತ್ತದೆಯ?

ಅವರು ಎದ್ದು ನಿಂತರು. ಪ್ರೊಜೆಕ್ಟರಿನ ಬೆಳಕು ಅವರ ಬಿಳಿ ಅಂಗಿಯ ಮೇಲೆ ಬಿತ್ತು.

"ಎಲ್ರಿಗೂ ಗೊತ್ತಿತ್ತಾ?"

ನಗು ನಿಂತಿತು. ಮಾದೇವಿಯಕ್ಕನೇ ತಿರುಗಿ ನೋಡಿದಳು. "ಗೊತ್ತಿತ್ತು ಮಾರಾಯ."

"ನಂಗೊಬ್ನಿಗೆ ಹೇಳ್ಲಿಲ್ಲ."

"ನೀ ದಲ್ಲಾಳಿ ಅಲ್ದಾ? ನಿಂಗೆ ಹೇಳಿದ್ರೆ ಕುಮಟೆ ವರೆಗೂ ಗೊತ್ತಾತಿತ್ತು. ಮತ್ತೆ ಅವ್ಳ ಲಗ್ನ ನೀನೇ ಮಾಡ್ಸಿಬಿಡ್ತಿದ್ದೆ."

ಅವರು ಹೊರಗೆ ಹೋದರು. ನಾನೂ ಹಿಂದೆಯೇ ಹೋದೆ. ಶಾಲೆಯ ಗೇಟಿನ ಹತ್ತಿರ ನಿಂತು ಹೆದ್ದಾರಿಯ ಕಡೆ ನೋಡುತ್ತಿದ್ದರು. ಇಷ್ಟೂ ವರ್ಷ ಮೂರು ಊರುಗಳನ್ನು ಅದಲು ಬದಲು ಮಾಡಿದ್ದು ಸುಮ್ಮನೇ ಆಯಿತಲ್ಲ ಎಂದರು. ಸುಮ್ಮನೆ ಅಲ್ಲ, ಕುಮಟೆಯ ಟಾಕೀಸಿನಲ್ಲಿ ಜನ ನಕ್ಕದ್ದನ್ನು ನಾನೇ ಕಂಡಿದ್ದೇನೆ, ನಮ್ಮ ಅಂಗಡಿಯೆದುರು ಕೆಂಪು ವೃತ್ತ ಎಳೆದ ದಿನ ನಿಮ್ಮಂಥವರು ಒಬ್ಬರು ಕೊಡೆ ಬಿಚ್ಚಿ ನಿಂತಿದ್ದರೆ ಎಷ್ಟು ಚೆನ್ನಾಗಿತ್ತು ಎಂದೆ. ಇದನ್ನು ನಾನು ಮನಸ್ಸಿನಿಂದಲೇ ಹೇಳಿದ್ದು.

ಅವರು ನನ್ನ ಮುಖವನ್ನೇ ನೋಡಿದರು. ನಾನು ಏನೋ ಮಾರಲು ಬಂದವಳೇನೋ ಎನ್ನುವ ಹಾಗೆ. ಬಸ್ಸು ಬಂತು. ಹತ್ತಿ ಹೋದರು. ನಾಗವೇಣಿಯನ್ನು ಮಾತಾಡಿಸಲಿಲ್ಲ.

ಬಂದ ಭಾನುವಾರ ಹತ್ತು ಗಂಟೆಗೇ ಅವಳ ಫೋನು ಬಂತು. ಮೊದಲ ಬಸ್ಸಿಗೆ ಮಾವ ಬಂದಿಲ್ಲ. ಎರಡನೆಯದಕ್ಕೂ ಇಲ್ಲ. "ನಾ ಹೇಳಿದ್ನಲ್ಲ ತಂಗಿ" ಎಂದು ಫೋನು ಇಟ್ಟಳು. ನನಗೆ ಅವಳ ಮೇಲೆ, ಅವರ ಮೇಲೆ, ನನ್ನ ಸಿನಿಮಾದ ಮೇಲೆ, ಎಲ್ಲದರ ಮೇಲೂ ಸಿಟ್ಟು ಬಂತು. ಆಮೇಲೆ ಬೆಂಗಳೂರಿನ ಕೆಲಸಕ್ಕೆ ಹೋದವಳು ಅದರಲ್ಲೇ ಮುಳುಗಿದೆ. ಕೇಳಲು ಧೈರ್ಯವೂ ಬರಲಿಲ್ಲ. ಮುಂದೆ ಬಂದದ್ದು ಅವರು ಹೋದ ಸುದ್ದಿಯೇ.

ಹೊನ್ನಾವರಕ್ಕೆ ಓಡಿದೆ. ಈ ಸಲ ಸುಳ್ಳಾಗಿರಲಿಲ್ಲ. ಅಂಗಳದಲ್ಲಿ ಎಲ್ಲರಿಗಿಂತ ಜೋರಾಗಿ ಅಳುತ್ತಿದ್ದವರು ಕುಮಟೆಯ ಲಾಡ್ಜಿನ ಮಾಲೀಕರು. ವಿಚಾರಿಸಿದರೆ ಅವರು ಇವರ ಬೀಗರು. ಕಮಿಷನ್ನಿನ ಆ ಒಂದು ಅನುಮಾನವಾದರೂ ಸುಳ್ಳಾಗಲಿಲ್ಲ ಎಂದು ಅಂಥ ಹೊತ್ತಿನಲ್ಲೂ ಸಮಾಧಾನವಾಯಿತು.

ದಿನಕರ್ಮವೆಲ್ಲ ಮುಗಿದಮೇಲೆ ಬೆಳಕೆಗೆ ಹೋದೆ. ಸ್ಟಾಪು ಬಂದಾಗ ಕಂಡಕ್ಟರ್ "ಉಪ್ಪಿನ ಮನೆ ಯಾರ್ರೀ?" ಎಂದ. ನಾನು ಇಳಿದೆ. ನಾಗವೇಣಿ ಮಿಶನ್ನಿಗೆ ಬಟ್ಟೆ ಮುಚ್ಚಿ ಕೂತಿದ್ದಳು. ಆ ಭಾನುವಾರದ ಮಾತನ್ನು ನಾನು ಕೇಳದೆಯೇ ಹೇಳಿದಳು.

"ಸಂಜಿ ಬಸ್ಸಿಗೆ ಬಂದ. ಬರೀ ಕೈಲಿ. ಮೀನೆಲ್ಲಿ ಮಾವ ಕೇಳ್ದೆ. 'ಇನ್ನೆಂತಕ್ಕೆ ಮೀನು? ಕಷಾಯ ಮಾಡು' ಅಂದ. ಮಾಡ್ಕಂಡು ತಂದೆ. ಲೋಟ ಹಿಡ್ಕಂಡು ಮೂಸಿ ನೋಡ್ದ. ನನ್ನ ಮೋರೆ ನೋಡ್ದ. ಲೋಟ ನನ್ನ ಕೈಗೇ ಕೊಟ್ಟು 'ಮೊದ್ಲು ನೀ ಕುಡಿ' ಅಂದ. ಕುಡ್ದೆ. ಆಮೇಲೆ ತಾನು ಪೂರ್ತಿ ಕುಡ್ದು, ಖಾಲಿ ಲೋಟ ಜಗ್ಲಿ ಮೇಲೆ ಬೋರ್ಲು ಹಾಕ್ದ. ಸಾಯೂ ವರೆಗೆ ಒಂದು ಆಯ್ತವಾರ ತಪ್ಸಲಿಲ್ಲ ತಂಗಿ. ಪ್ರತಿ ಸಲ ಬರೀ ಕೈ. ಪ್ರತಿ ಸಲ ಮೊದ್ಲ ಗುಟುಕು ನಂದು."

ಇಬ್ಬರೂ ಅತ್ತೆವು. ಅವಳು ಮೂಗು ಒರೆಸಿಕೊಂಡು ಒಳಗೆ ಹೋಗಿ ಒಂದು ಲೋಟ ಕಷಾಯ ತಂದು ನನ್ನ ಕೈಗೆ ಕೊಟ್ಟಳು. ನಾನು ಲೋಟ ಹಿಡಿದು ಅವಳ ಮುಖ ನೋಡಿದೆ.

"ಸಕ್ರೆನೇ" ಎಂದಳು. "ಕುಡಿ."